ಅಮ್ಮ ಏನೂ ತಿಂದಿರಲಿಲ್ಲ

ಅಣ್ಣನ ಹೃದಯದ ಆಪರೇಶನ್ ನಡೆದ ದಿನ ಅಮ್ಮ ಬೆಳಿಗ್ಗೆಯಿಂದ ನೀರು ಬಿಟ್ಟು ಬೇರೇನೂ ಬಾಯಿಗೆ ಹಾಕಿರಲಿಲ್ಲ. ಮಾತ್ರೆ ಮಾತ್ರ ನುಂಗಿದ್ದಳು. ಮಧ್ಯಾಹ್ನ ಎರಡು ಗಂಟೆ ಹೊತ್ತಿಗೆ, ಥಿಯೇಟರಿನ ಹೊರಗಿನ ಬೆಂಚಿನ ಮೇಲೆ ಕೂತಿದ್ದಾಗ, ಅವಳ ಅಂಗೈ ಒದ್ದೆಯಾಗಿರುವುದು ಗೊತ್ತಾಗಿ ನನಗೆ ಗಾಬರಿಯಾಯಿತು. ಶುಗರ್ ಇಳಿದಿರಬೇಕು ಅಂದುಕೊಂಡೆ. ಬ್ಯಾಗಿನಲ್ಲಿದ್ದ ಗ್ಲುಕೋಮೀಟರ್ ತೆಗೆದು ಬೆರಳು ಚುಚ್ಚಿ ನೋಡಿದರೆ 228. ಬೆಳಿಗ್ಗೆ ಮನೆಯಲ್ಲಿ ನೋಡಿದಾಗ 131 ಇತ್ತು.

'ಏನು ತಿಂದೆ ಅಮ್ಮಾ?' ಅಂದೆ.

'ಏನೂ ತಿಂದಿಲ್ಲ ಕಣೇ.'

'ನಿಜ ಹೇಳು.'

ಅಷ್ಟಕ್ಕೇ ಬಿಡಲಿಲ್ಲ ನಾನು. ಅವಳ ಬ್ಯಾಗಿನ ಒಳಗೆ ಕೈ ಹಾಕಿ ಹುಡುಕಿದೆ. ಬಿಸ್ಕೆಟ್ ಪೊಟ್ಟಣವೋ ಏನೋ ಸಿಗುತ್ತದೆ ಅಂತ. ಏನೂ ಸಿಗಲಿಲ್ಲ. ಅಮ್ಮ ಒಂದು ಮಾತೂ ಆಡದೆ ಥಿಯೇಟರಿನ ಬಾಗಿಲನ್ನೇ ನೋಡುತ್ತಾ ಕೂತಿದ್ದಳು. ಅಣ್ಣ ಈಗ ಚೆನ್ನಾಗಿದ್ದಾನೆ. ಆದರೆ ಬ್ಯಾಗು ಹುಡುಕಿದ ಆ ಎರಡು ನಿಮಿಷ ನನ್ನನ್ನು ಇನ್ನೂ ಬಿಟ್ಟಿಲ್ಲ, ಅದಕ್ಕೇ ಇದನ್ನೆಲ್ಲ ಓದಲು ಕೂತೆ. ಅಮ್ಮ ಸುಳ್ಳು ಹೇಳಿರಲಿಲ್ಲ. ರಕ್ತದ ಸಕ್ಕರೆ ಇಳಿಸುವ ಹಾರ್ಮೋನ್ ಇನ್ಸುಲಿನ್. ಅವಳ ಮೇದೋಜೀರಕ ಗ್ರಂಥಿಗೆ ಅವತ್ತು 'ಇನ್ಸುಲಿನ್ ಹೊರಗೆ ಬಿಡಬೇಡ' ಅಂತ ಆಜ್ಞೆ ಹೋಗಿತ್ತು. ಅದನ್ನು ಕಳಿಸಿದ್ದು ಅವಳದೇ ಮೈ.

ಯಾವ ಗಲಾಟೆಯೂ ಇಲ್ಲದ ದಿನ ಏನಾಗುತ್ತದೆ ಅನ್ನುವುದನ್ನು ಮೊದಲು ನೋಡೋಣ. ಹೊಟ್ಟೆಯ ಹಿಂದೆ ಅಡ್ಡಲಾಗಿ ಮಲಗಿರುವ ಮೇದೋಜೀರಕದ ಬಹುಪಾಲು ಕೆಲಸ ಜೀರ್ಣಕ್ಕೆ ಬೇಕಾದ ರಸ ತಯಾರಿಸುವುದು. ಅದರ ನಡುವೆ ಅಲ್ಲಲ್ಲಿ ಚಿಕ್ಕ ಚಿಕ್ಕ ಕೋಶಗಳ ಗುಂಪುಗಳಿವೆ, ಸುಮಾರು ಹತ್ತು ಲಕ್ಷ. 1869ರಲ್ಲಿ ಪಾಲ್ ಲ್ಯಾಂಗರ್‌ಹಾನ್ಸ್ ಅನ್ನುವ ಜರ್ಮನ್ ವಿದ್ಯಾರ್ಥಿ ಮೈಕ್ರೋಸ್ಕೋಪಿನಲ್ಲಿ ಇವನ್ನು ಕಂಡ, ಏನು ಕೆಲಸ ಮಾಡುತ್ತವೆ ಅಂತ ಅವನಿಗೆ ಗೊತ್ತಿರಲಿಲ್ಲ. ಇಡೀ ಗ್ರಂಥಿಯ ತೂಕದಲ್ಲಿ ಇವುಗಳ ಪಾಲು ನೂರಕ್ಕೆ ಒಂದೆರಡು ಅಷ್ಟೇ. ಇವುಗಳೊಳಗಿನ ಬೀಟಾ ಕೋಶಗಳು ಇನ್ಸುಲಿನ್ ಮಾಡಿ, ಸಣ್ಣ ಸಣ್ಣ ಚೀಲಗಳಲ್ಲಿ ತುಂಬಿ ಇಟ್ಟುಕೊಂಡಿರುತ್ತವೆ.

ಊಟ ಮಾಡಿದಾಗ ರಕ್ತದಲ್ಲಿ ಸಕ್ಕರೆ ಏರುತ್ತದೆ, ಬೀಟಾ ಕೋಶದ ಒಳಗೂ ಅದು ನುಗ್ಗುತ್ತದೆ. ಕೋಶ ಅದನ್ನು ಉರಿಸಿ ಎಟಿಪಿ ಅನ್ನುವ ಶಕ್ತಿಯ ಅಣುಗಳನ್ನು ಮಾಡುತ್ತದೆ. ಎಟಿಪಿ ಜಾಸ್ತಿಯಾದರೆ ಕೋಶದ ಗೋಡೆಯಲ್ಲಿರುವ ಪೊಟ್ಯಾಸಿಯಂ ಬಾಗಿಲು ಮುಚ್ಚಿಕೊಳ್ಳುತ್ತದೆ, ಅದರಿಂದ ಕೋಶದ ವಿದ್ಯುತ್ ಸ್ಥಿತಿ ಬದಲಾಗಿ ಕ್ಯಾಲ್ಸಿಯಂ ಬಾಗಿಲು ತೆರೆಯುತ್ತದೆ, ಕ್ಯಾಲ್ಸಿಯಂ ಒಳಗೆ ಬಂತು ಅಂದರೆ ಇನ್ಸುಲಿನ್ ಚೀಲಗಳು ಗೋಡೆಗೆ ಅಂಟಿಕೊಂಡು ಒಡೆದು ರಕ್ತಕ್ಕೆ ಸುರಿಯುತ್ತವೆ. ಎಷ್ಟೋ ಜನ ನುಂಗುವ ಗ್ಲಿಮೆಪಿರೈಡ್ ಮಾತ್ರೆ ಮುಚ್ಚುವುದೂ ಇದೇ ಪೊಟ್ಯಾಸಿಯಂ ಬಾಗಿಲನ್ನು. ಹಾಗಾಗಿಯೇ ಅದು ಸಕ್ಕರೆ ಕಡಿಮೆ ಇದ್ದಾಗಲೂ ಇನ್ಸುಲಿನ್ ಬಿಡಿಸುತ್ತದೆ, ಅದನ್ನು ನುಂಗಿ ಊಟ ತಪ್ಪಿಸಬಾರದು ಅನ್ನುವುದೂ ಅದಕ್ಕೇ.

ಇಲ್ಲಿಗೆ ಈಗ ಭಯ ಬರುತ್ತದೆ.

ಭಯವೋ ಸಿಟ್ಟೋ ನೋವೋ ಆದಾಗ ಮೆದುಳಿನಿಂದ ನರಗಳ ಮೂಲಕ ಸುದ್ದಿ ಹೋಗಿ, ಎರಡು ಕಿಡ್ನಿಗಳ ತಲೆಯ ಮೇಲೆ ಟೋಪಿಯ ಹಾಗೆ ಕೂತಿರುವ ಅಡ್ರಿನಲ್ ಗ್ರಂಥಿಗಳು ಅಡ್ರಿನಲಿನ್ ಸುರಿಸುತ್ತವೆ. ಜೊತೆಗೆ ನರಗಳ ತುದಿಗಳಲ್ಲಿ ಅದರ ತಂಗಿಯಂಥ ನಾರ್‌ಅಡ್ರಿನಲಿನ್ ಬಿಡುಗಡೆಯಾಗುತ್ತದೆ. ಎದೆ ಬಡಿತ ಏರುವುದು ನಮಗೆ ಗೊತ್ತಾಗುತ್ತದೆ. ಮೇದೋಜೀರಕದಲ್ಲಿ ಆಗುವುದು ಗೊತ್ತಾಗುವುದಿಲ್ಲ. ಬೀಟಾ ಕೋಶದ ಮೈಮೇಲೆ ಆಲ್ಫಾ-2ಎ ಅನ್ನುವ ಗ್ರಾಹಕಗಳಿವೆ, ಅಂದರೆ ಹಾರ್ಮೋನ್ ಬಂದು ಕೂರುವ ಜಾಗಗಳು. ಅಡ್ರಿನಲಿನ್ ಬಂದು ಅಲ್ಲಿ ಕೂತರೆ ಇನ್ಸುಲಿನ್ ಹೊರಗೆ ಬರುವುದು ನಿಲ್ಲುತ್ತದೆ.

ಹೇಗೆ ನಿಲ್ಲುತ್ತದೆ ಅನ್ನುವುದು ನನಗೆ ತುಂಬಾ ಅಚ್ಚರಿ ತಂದ ವಿಷಯ, ಯಾಕಂದರೆ ಒಂದು ಕಡೆ ಅಲ್ಲ, ಹಲವು ಕಡೆ ತಡೆ ಬೀಳುತ್ತದೆ. ಇನ್ಸುಲಿನ್ ಬಿಡಲು ಹುರಿದುಂಬಿಸುವ ಸೈಕ್ಲಿಕ್ ಎಎಂಪಿ ಅನ್ನುವ ಒಳಸುದ್ದಿ ಕಡಿಮೆಯಾಗುತ್ತದೆ. ಪೊಟ್ಯಾಸಿಯಂ ಹೊರಗೆ ಹರಿದು, ಕ್ಯಾಲ್ಸಿಯಂ ಬಾಗಿಲು ತೆರೆಯುವುದು ಕಷ್ಟವಾಗುತ್ತದೆ. ಇಷ್ಟಾದ ಮೇಲೂ ಕ್ಯಾಲ್ಸಿಯಂ ಹೇಗೋ ಒಳಗೆ ಬಂತು ಅಂದುಕೊಳ್ಳಿ, ಆಗಲೂ ಚೀಲ ಗೋಡೆಗೆ ಅಂಟಿ ಒಡೆಯುವ ಕಟ್ಟಕಡೆಯ ಹೆಜ್ಜೆಯನ್ನೇ ಈ ಗ್ರಾಹಕ ತಡೆಹಿಡಿಯುತ್ತದೆ. ಅಂದರೆ ರಕ್ತದಲ್ಲಿ ಸಕ್ಕರೆ ಇದೆ, ಕೋಶಕ್ಕೆ ಅದು ಗೊತ್ತೂ ಇದೆ, ಒಳಗೆ ಇನ್ಸುಲಿನ್ ತುಂಬಿದ ಚೀಲಗಳೂ ಇವೆ. ಆದರೂ ಹೊರಗೆ ಬರುವುದಿಲ್ಲ. ಇದೇ ಬೀಟಾ ಕೋಶದ ಮೇಲೆ ಇನ್ಸುಲಿನ್ನನ್ನು ಹೊರಗೆ ತಳ್ಳುವ ಬೀಟಾ-2 ಗ್ರಾಹಕಗಳೂ ಇವೆ, ಅವಕ್ಕೂ ಅಡ್ರಿನಲಿನ್ ತಾಗುತ್ತದೆ, ಆದರೆ ಒಟ್ಟಾರೆ ನೋಡಿದರೆ ಗೆಲ್ಲುವುದು ತಡೆಯುವ ಕಡೆಯೇ.

ಇದನ್ನು ಮನುಷ್ಯರಲ್ಲಿ ತೋರಿಸಿದ್ದು 1966ರಲ್ಲಿ, ಡೇನಿಯಲ್ ಪೋರ್ಟ್ ಮತ್ತು ಅವರ ಜೊತೆಗಾರರು. ರಕ್ತದಲ್ಲಿ ಇನ್ಸುಲಿನ್ ಎಷ್ಟಿದೆ ಅಂತ ನಿಖರವಾಗಿ ಅಳೆಯುವ ವಿಧಾನ ಅಷ್ಟರಲ್ಲಿ ಬಂದಿತ್ತು. ರೋಸಲಿನ್ ಯಾಲೋ ಮತ್ತು ಸಾಲೊಮನ್ ಬರ್ಸನ್ ಕಂಡುಹಿಡಿದದ್ದು ಅದು, ಯಾಲೋ ಅವರಿಗೆ 1977ರಲ್ಲಿ ನೊಬೆಲ್ ಬಂತು, ಬರ್ಸನ್ ಅಷ್ಟರಲ್ಲಿ ತೀರಿಕೊಂಡಿದ್ದರು. ಪೋರ್ಟ್ ತಂಡ ಮಾಡಿದ್ದು ಇಷ್ಟು: ಜನರ ರಕ್ತಕ್ಕೆ ನಿಧಾನವಾಗಿ ಅಡ್ರಿನಲಿನ್ ಹರಿಸಿದರು. ಸಕ್ಕರೆ ಏರಿತು. ಅಷ್ಟು ಸಕ್ಕರೆಗೆ ಇನ್ಸುಲಿನ್ ಕೂಡ ಏರಬೇಕಿತ್ತು, ಏರಲಿಲ್ಲ. ಅಡ್ರಿನಲಿನ್ ನಿಲ್ಲಿಸಿದರು, ಇನ್ಸುಲಿನ್ ಧುಮ್ಮಿಕ್ಕಿತು. ಆಮೇಲೆ ಆಲ್ಫಾ ಗ್ರಾಹಕಗಳನ್ನು ಮುಚ್ಚುವ ಫೆಂಟೋಲಮಿನ್ ಅನ್ನುವ ಔಷಧಿ ಕೊಟ್ಟು ನೋಡಿದಾಗ ಆ ತಡೆ ಬಿಟ್ಟುಹೋಯಿತು. ಕೋಶ ಸುಸ್ತಾಗಿರಲಿಲ್ಲ, ಅದನ್ನು ಹಿಡಿದಿಟ್ಟಿದ್ದರು ಅಷ್ಟೇ. ಈ ಒಂದು ಪ್ರಯೋಗ ಓದಿದಾಗ ನನಗೆ ಬೆಂಚಿನ ಮೇಲೆ ಕೂತ ಅಮ್ಮನೇ ಕಣ್ಣ ಮುಂದೆ ಬಂದಳು.

ಮೈ ಯಾಕೆ ಹೀಗೆ ಮಾಡಬೇಕು ಅನ್ನುವುದಕ್ಕೆ ಕಾರಣವಿದೆ, ಮತ್ತು ಆ ಕಾರಣ ಚೆನ್ನಾಗಿದೆ. ಮೆದುಳಿಗೆ ಸಕ್ಕರೆ ತೆಗೆದುಕೊಳ್ಳಲು ಇನ್ಸುಲಿನ್ ಬೇಕಿಲ್ಲ. ಓಡುತ್ತಿರುವ ಸ್ನಾಯುವಿಗೂ ಬೇಕಿಲ್ಲ, ಸ್ನಾಯು ಸಂಕುಚಿಸಿದಾಗ ಸಕ್ಕರೆ ಒಳಗೆ ಬಿಡುವ ಬಾಗಿಲು ತಾನಾಗಿ ಮೇಲೆ ಬರುತ್ತದೆ. ಇನ್ಸುಲಿನ್ ಬೇಕಾಗಿರುವುದು ಸುಮ್ನೆ ಕೂತ ಸ್ನಾಯುವಿಗೆ, ಕೊಬ್ಬಿಗೆ, ಅಂದರೆ ಕೂಡಿಡುವ ಕೆಲಸಕ್ಕೆ. ಪ್ರಾಣಕ್ಕೆ ಬಂದಾಗ ಕೂಡಿಡುವುದು ಯಾಕೆ? ಇನ್ಸುಲಿನ್ ನಿಲ್ಲಿಸಿದರೆ ಇರುವ ಸಕ್ಕರೆಯೆಲ್ಲ ಮೆದುಳಿಗೂ ಓಡುವ ಕಾಲಿಗೂ ಸಿಗುತ್ತದೆ. ಒಬ್ಬ ದೊಡ್ಡವರ ಇಡೀ ರಕ್ತದಲ್ಲಿ ಒಂದು ಹೊತ್ತಿಗೆ ಇರುವ ಸಕ್ಕರೆ ಹೆಚ್ಚುಕಡಿಮೆ ಒಂದು ಟೀ ಚಮಚದಷ್ಟು, ನಾಲ್ಕೈದು ಗ್ರಾಂ. ಅದು ಎಲ್ಲಿ ಸಾಕು? ಅದಕ್ಕೇ ಅಡ್ರಿನಲಿನ್ ಬೀಟಾ ಕೋಶಗಳ ಪಕ್ಕದ ಆಲ್ಫಾ ಕೋಶಗಳಿಂದ ಸಕ್ಕರೆ ಏರಿಸುವ ಗ್ಲುಕಗಾನ್ ಅನ್ನುವ ಹಾರ್ಮೋನ್ ಬಿಡಿಸುತ್ತದೆ, ಲಿವರಿಗೂ ನೇರವಾಗಿ ಹೇಳುತ್ತದೆ, ಲಿವರು ತಾನು ಕೂಡಿಟ್ಟ ಗ್ಲೈಕೋಜನ್ ಒಡೆದು ಸಕ್ಕರೆಯನ್ನು ರಕ್ತಕ್ಕೆ ಬಿಡುತ್ತದೆ. ಒಂದು ಕಡೆ ಸಕ್ಕರೆ ಸುರಿಯುವ ನಲ್ಲಿ ಪೂರ್ತಿ ತೆರೆದಿದೆ, ಇನ್ನೊಂದು ಕಡೆ ಅದನ್ನು ಎತ್ತಿಡುವ ಇನ್ಸುಲಿನ್ ಬಂದ್. 228 ಬರಲು ಊಟವೇ ಬೇಕಿಲ್ಲ ಅಲ್ವಾ?

ಓಡಿದರೆ ಆ ಸಕ್ಕರೆ ಖರ್ಚಾಗುತ್ತಿತ್ತು. ಅಮ್ಮ ಓಡಲಿಲ್ಲ. ಕೂತಿದ್ದಳು. ಇಂಥದ್ದೇ ಒಂದು ಕಥೆ ನೂರಕ್ಕೂ ಹೆಚ್ಚು ವರ್ಷ ಹಿಂದಿನದು ಸಿಕ್ಕಿತು. ಹಾರ್ವರ್ಡಿನ ವಾಲ್ಟರ್ ಕ್ಯಾನನ್ 1911ರಲ್ಲಿ, ಕಟ್ಟಿಹಾಕಿ ಹೆದರಿಸಿದ ಬೆಕ್ಕುಗಳ ಮೂತ್ರದಲ್ಲಿ ಸಕ್ಕರೆ ಬರುವುದನ್ನು ತೋರಿಸಿದ್ದರು, ಅಡ್ರಿನಲ್ ಗ್ರಂಥಿ ತೆಗೆದ ಬೆಕ್ಕುಗಳಲ್ಲಿ ಅದು ಬರಲಿಲ್ಲ. (ಬೆಕ್ಕುಗಳ ಬಗ್ಗೆ ಓದುವಾಗ ಸಂಕಟವೇ ಆಯಿತು.) ಆಮೇಲೆ ಅವರು ಮನುಷ್ಯರ ಕಡೆ ತಿರುಗಿದರು. 1913ರಲ್ಲಿ, ಆ ವರ್ಷದ ಕೊನೆಯ, ಎಲ್ಲಕ್ಕಿಂತ ಬಿರುಸಿನ ಫುಟ್ಬಾಲ್ ಪಂದ್ಯ ಮುಗಿದ ಕೂಡಲೇ ಹಾರ್ವರ್ಡ್ ತಂಡದ 25 ಜನರ ಮೂತ್ರ ಪರೀಕ್ಷೆ ಮಾಡಿದರು. 12 ಜನರಲ್ಲಿ ಸಕ್ಕರೆ ಸಿಕ್ಕಿತು. ಆ 12ರಲ್ಲಿ 5 ಜನ ಮೈದಾನಕ್ಕೆ ಇಳಿದೇ ಇರಲಿಲ್ಲ! ಬದಲಿ ಆಟಗಾರರು, ಬೆಂಚಿನ ಮೇಲೆ ಕೂತು ಆಟ ನೋಡಿದವರು. ಪ್ರೇಕ್ಷಕರಲ್ಲಿ ಒಬ್ಬರನ್ನು ಪರೀಕ್ಷೆ ಮಾಡಿದ್ದರು, ಅವರಲ್ಲೂ ಸಕ್ಕರೆ ಇತ್ತು, ಮಾರನೇ ದಿನ ಇರಲಿಲ್ಲ. ಮೂತ್ರದಲ್ಲಿ ಸಕ್ಕರೆ ಕಾಣಬೇಕಾದರೆ ಸಾಮಾನ್ಯವಾಗಿ ರಕ್ತದಲ್ಲಿ ಅದು 180 ದಾಟಿರಬೇಕು. ಸಕ್ಕರೆ ಕಾಯಿಲೆ ಇಲ್ಲದ ಎಳೆಯ ಹುಡುಗರಲ್ಲಿ, ಬರೀ ಬೆಂಚಿನ ಮೇಲೆ ಕೂತು.

ಇದಕ್ಕೂ ಮೊದಲು, 1849ರಲ್ಲೇ, ಫ್ರಾನ್ಸಿನ ಕ್ಲಾಡ್ ಬರ್ನಾರ್ಡ್ ಮೊಲದ ಮೆದುಳಿನ ಬುಡದ ಒಂದು ಜಾಗಕ್ಕೆ ಸೂಜಿ ಚುಚ್ಚಿ ಮೂತ್ರಕ್ಕೆ ಸಕ್ಕರೆ ಬರಿಸಿದ್ದರು. ಮೆದುಳಿಗೂ ಸಕ್ಕರೆಗೂ ನೇರ ದಾರಿ ಇದೆ ಅನ್ನುವುದು ಅಷ್ಟು ಹಳೆಯ ಸಂಗತಿ. ಆದರೂ ನಾವು ಶುಗರ್ ಅಂದ ಕೂಡಲೇ ಬಾಯಿಯನ್ನು ಮಾತ್ರ ನೋಡುತ್ತೇವೆ.

ಅಡ್ರಿನಲಿನ್ ಬೇಗ ಬಂದು ಬೇಗ ಹೋಗುತ್ತದೆ, ರಕ್ತದಲ್ಲಿ ಅದರ ಅರ್ಧಾಯುಷ್ಯ ಎರಡು ಮೂರು ನಿಮಿಷ ಮಾತ್ರ. ಒತ್ತಡದ ಇನ್ನೊಂದು ಹಾರ್ಮೋನ್ ಆದ ಕಾರ್ಟಿಸೋಲ್ ಹಾಗಲ್ಲ. ಮೆದುಳಿನ ಹೈಪೊಥಲಾಮಸ್ ಪಿಟ್ಯುಟರಿಗೆ ಹೇಳಬೇಕು, ಪಿಟ್ಯುಟರಿ ಎಸಿಟಿಎಚ್ ಅನ್ನುವ ಹಾರ್ಮೋನ್ ಕಳಿಸಬೇಕು, ಆಮೇಲೆ ಅಡ್ರಿನಲ್ ಗ್ರಂಥಿಯ ಹೊರಪದರ ಕಾರ್ಟಿಸೋಲ್ ಮಾಡಬೇಕು. ಬರುವುದು ನಿಧಾನ, ಹೋಗುವುದು ಇನ್ನೂ ನಿಧಾನ, ಯಾಕಂದರೆ ಅದು ಕೋಶಗಳ ಒಳಗೆ ಹೋಗಿ ಯಾವ ಜೀನ್ ಕೆಲಸ ಮಾಡಬೇಕು ಅನ್ನುವುದನ್ನೇ ಬದಲಾಯಿಸುತ್ತದೆ. ಲಿವರು ಹೊಸದಾಗಿ ಸಕ್ಕರೆ ತಯಾರಿಸುವುದು ಜಾಸ್ತಿಯಾಗುತ್ತದೆ. ಸ್ನಾಯು ಮತ್ತು ಕೊಬ್ಬು ಇನ್ಸುಲಿನ್ ಮಾತು ಕೇಳುವುದು ಕಡಿಮೆಯಾಗುತ್ತದೆ. ಅಡ್ರಿನಲಿನ್ ಬಂದರೆ ಅದರ ಕೆಲಸವೂ ಕಾರ್ಟಿಸೋಲ್ ಇದ್ದಾಗ ಹೆಚ್ಚು ಜೋರಾಗುತ್ತದೆ.

ಬೀಟಾ ಕೋಶದ ಮೇಲೆ ಕಾರ್ಟಿಸೋಲ್ ಏನು ಮಾಡುತ್ತದೆ ಅನ್ನುವುದು ಮೊದಲು ನನಗೆ ಗೊಂದಲ ತಂದಿತು. ಕೋಶಗಳನ್ನು ಹೊರಗೆ ತೆಗೆದು ಅದೇ ಜಾತಿಯ ಸ್ಟೀರಾಯ್ಡ್ ಹಾಕಿದರೆ ಇನ್ಸುಲಿನ್ ಕಡಿಮೆ ಬರುತ್ತದೆ. ಆದರೆ ಆರೋಗ್ಯವಂತರಿಗೆ ಕೆಲವು ದಿನ ಸ್ಟೀರಾಯ್ಡ್ ಮಾತ್ರೆ ಕೊಟ್ಟರೆ ಅವರ ರಕ್ತದಲ್ಲಿ ಇನ್ಸುಲಿನ್ ಜಾಸ್ತಿಯೇ ಇರುತ್ತದೆ. ಎರಡೂ ನಿಜ. ಮೈ ಇನ್ಸುಲಿನ್ ಮಾತು ಕೇಳದೇ ಇದ್ದಾಗ ಗಟ್ಟಿಮುಟ್ಟಾದ ಬೀಟಾ ಕೋಶ ದುಪ್ಪಟ್ಟು ದುಡಿದು ಸರಿದೂಗಿಸುತ್ತದೆ. ಮೊದಲೇ ಸೋತಿರುವ ಬೀಟಾ ಕೋಶಕ್ಕೆ ಅದು ಆಗುವುದಿಲ್ಲ, ಆಗ ಸಕ್ಕರೆ ಏರುತ್ತದೆ. ಒಂದೇ ಚಿಂತೆ ಇಬ್ಬರಿಗೆ ಬಂದರೂ ಒಬ್ಬರ ಶುಗರ್ ಅಲುಗಾಡದೆ ಇನ್ನೊಬ್ಬರದು ಹಾರುವುದು ಯಾಕೆ ಅನ್ನುವುದಕ್ಕೆ ಒಂದು ಉತ್ತರ ಇದು.

ಇನ್ನೊಂದು ಉತ್ತರ ಜೀನಿನಲ್ಲಿದೆ. ಸ್ವೀಡನ್ನಿನ ಲುಂಡ್ ವಿಶ್ವವಿದ್ಯಾಲಯದವರು 2010ರಲ್ಲಿ ಒಂದು ಮಹತ್ವದ ವಿಷಯ ಕಂಡುಹಿಡಿದರು. ಕೆಲವರಲ್ಲಿ ಆ ಆಲ್ಫಾ-2ಎ ಗ್ರಾಹಕದ ಜೀನ್ ಸ್ವಲ್ಪ ಬೇರೆ ಥರ ಇರುತ್ತದೆ. ಅದರಿಂದ ಬೀಟಾ ಕೋಶದ ಮೇಲೆ ಈ ಗ್ರಾಹಕಗಳು ಹೆಚ್ಚಾಗಿ ಬೆಳೆದು, ಇನ್ಸುಲಿನ್ ಬಿಡುವುದು ಕಡಿಮೆಯಾಗಿ, ಟೈಪ್ 2 ಸಕ್ಕರೆ ಕಾಯಿಲೆ ಬರುವ ಸಾಧ್ಯತೆ ಹೆಚ್ಚುತ್ತದೆ. 2014ರಲ್ಲಿ ಅಂಥ ಜೀನ್ ಇರುವ ಟೈಪ್ 2 ರೋಗಿಗಳಿಗೆ, ಆ ಗ್ರಾಹಕವನ್ನು ಮುಚ್ಚುವ ಯೋಹಿಂಬಿನ್ ಕೊಟ್ಟು ನೋಡಿದಾಗ ಇನ್ಸುಲಿನ್ ಬಿಡುವುದು ಸುಧಾರಿಸಿತು. ಹಾಗಂತ ಯಾರೂ ಯೋಹಿಂಬಿನ್ ಹುಡುಕಿಕೊಂಡು ಹೋಗಬೇಡಿ ದಯವಿಟ್ಟು. ಅದು ರಕ್ತದೊತ್ತಡ ಏರಿಸುತ್ತದೆ, ಎದೆಬಡಿತ ಏರಿಸುತ್ತದೆ, ಗಾಬರಿ ತರುತ್ತದೆ, ಶುಗರ್‌ಗೆ ಅದು ಚಿಕಿತ್ಸೆಯಾಗಿ ಬಂದಿಲ್ಲ. ನನಗೆ ಮುಖ್ಯ ಅನಿಸಿದ್ದು ಬೇರೆ. ಇಬ್ಬರು ಒಂದೇ ಥರ ತಿಂದು, ಒಂದೇ ಥರ ನಡೆದು, ಒಂದೇ ಥರ ಚಿಂತೆ ಮಾಡಿದರೂ ಒಬ್ಬರ ಕೋಶಕ್ಕೆ ಬೀಳುವ ತಡೆ ಹುಟ್ಟಿನಿಂದಲೇ ಬಿಗಿಯಾಗಿರಬಹುದು.

ಇದೆಲ್ಲ ತಿಳಿದ ಮೇಲೆ ಅಮ್ಮನ ಹಳೆಯ ಅಂಕಿಗಳನ್ನು ತೆಗೆದು ನೋಡಿದೆ. ಹಲವು ಕಡೆ ಅರ್ಥವಾಗದೇ ಇದ್ದದ್ದು ಅರ್ಥವಾಯಿತು. ರಾತ್ರಿ ಮಲಗುವಾಗ ಸರಿಯಾಗಿದ್ದ ಶುಗರ್ ಬೆಳಿಗ್ಗೆ ಏಳುವಾಗ ಏರಿರುತ್ತಿತ್ತು. ಕಾರ್ಟಿಸೋಲ್ ನಡುರಾತ್ರಿ ಹೊತ್ತಿಗೆ ಅತಿ ಕಡಿಮೆ ಇದ್ದು, ನಸುಕಿನಲ್ಲಿ ಏರತೊಡಗಿ, ಎದ್ದ ಅರ್ಧ ಮುಕ್ಕಾಲು ಗಂಟೆಯಲ್ಲಿ ತುದಿ ಮುಟ್ಟುತ್ತದೆ. ಸಕ್ಕರೆ ಏರಿಸುವ ಬೆಳವಣಿಗೆಯ ಹಾರ್ಮೋನ್ ಕೂಡ ರಾತ್ರಿಯೇ ಬಂದಿರುತ್ತದೆ. ರಾತ್ರಿ ಕದ್ದು ತಿಂದಿದ್ದಾಳೆ ಅಂತ ಆಗಲೂ ನಾನು ಅನುಮಾನಪಟ್ಟಿದ್ದೆ.

ಹೋದ ವರ್ಷ ಅವಳಿಗೆ ಉಬ್ಬಸ ಜಾಸ್ತಿಯಾಗಿ ಐದು ದಿನ ಪ್ರೆಡ್ನಿಸೊಲೋನ್ ಅನ್ನುವ ಸ್ಟೀರಾಯ್ಡ್ ಕೊಟ್ಟಿದ್ದರು. ಬೆಳಗಿನ ಖಾಲಿ ಹೊಟ್ಟೆಯ ಅಂಕಿ ಚೆನ್ನಾಗಿದೆ, ಸಂಜೆಯ ಅಂಕಿ 300ರ ಹತ್ತಿರ. ಬೆಳಿಗ್ಗೆ ನುಂಗಿದ ಆ ಮಾತ್ರೆಯ ಪ್ರಭಾವ ಮಧ್ಯಾಹ್ನ, ಸಂಜೆಗೆ ಜೋರಾಗುತ್ತದೆ, ಬೆಳಗಾಗುವ ಹೊತ್ತಿಗೆ ಇಳಿದಿರುತ್ತದೆ. ಖಾಲಿ ಹೊಟ್ಟೆಯದ್ದು ಮಾತ್ರ ನೋಡಿ ಎಲ್ಲ ಸರಿ ಅಂದುಕೊಂಡರೆ ಮೋಸಹೋಗುತ್ತೇವೆ. ನಿಮ್ಮ ಮನೆಯಲ್ಲಿ ಶುಗರ್ ಇರುವವರಿಗೆ ಯಾರಾದರೂ ಸ್ಟೀರಾಯ್ಡ್ ಬರೆದುಕೊಟ್ಟರೆ ಮಧ್ಯಾಹ್ನದ ಮೇಲೆ ಒಮ್ಮೆ ಚುಚ್ಚಿ ನೋಡಿ, ಡಾಕ್ಟರಿಗೆ ತಿಳಿಸಿ. ಸ್ಟೀರಾಯ್ಡನ್ನು ನೀವೇ ಥಟ್ಟನೆ ನಿಲ್ಲಿಸಬೇಡಿ, ಬಹಳ ದಿನ ತೆಗೆದುಕೊಂಡಿದ್ದರೆ ಅದು ಪ್ರಾಣಕ್ಕೇ ಅಪಾಯ.

ಆಸ್ಪತ್ರೆಗೆ ಸೇರಿದವರ ವಿಷಯವೂ ಇದೇ. ಹೃದಯಾಘಾತ, ದೊಡ್ಡ ಗಾಯ, ಸೋಂಕು, ಆಪರೇಶನ್, ಇವುಗಳಲ್ಲಿ ಶುಗರ್ ಕಾಯಿಲೆ ಇಲ್ಲದವರಿಗೂ ಸಕ್ಕರೆ ಏರುತ್ತದೆ. ಅಂಥ ಹೊತ್ತಲ್ಲಿ ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ ಪರೀಕ್ಷೆ ಮಾಡಿದರೆ, ಇದು ಮೊದಲಿನಿಂದ ಇದ್ದದ್ದೋ ಈಗ ಬಂದದ್ದೋ ಅಂತ ಬಹಳ ಮಟ್ಟಿಗೆ ಗೊತ್ತಾಗುತ್ತದೆ. ಆದರೆ ಒತ್ತಡದಿಂದ ಏರಿದ್ದು ತಾನೇ ಅಂತ ಕಡೆಗಣಿಸುವ ಹಾಗಿಲ್ಲ, ತುಂಬಾ ಏರಿದರೆ ಆಸ್ಪತ್ರೆಯಲ್ಲಿ ಇನ್ಸುಲಿನ್ ಕೊಟ್ಟು ಇಳಿಸುತ್ತಾರೆ, ವಾಸಿಯಾದ ಮೇಲೆ ಮತ್ತೆ ಪರೀಕ್ಷೆ ಮಾಡಿಸಬೇಕು. ಇನ್ಸುಲಿನ್ ತೆಗೆದುಕೊಳ್ಳುವವರು ಜ್ವರ ಬಂದು ಊಟ ಸೇರದ ದಿನ 'ತಿಂದೇ ಇಲ್ಲವಲ್ಲ' ಅಂತ ಇನ್ಸುಲಿನ್ ಪೂರ್ತಿ ಬಿಡುವುದು ದೊಡ್ಡ ತಪ್ಪು, ಅದರಲ್ಲೂ ಮೈಯಲ್ಲಿ ಇನ್ಸುಲಿನ್ ಹೆಚ್ಚುಕಡಿಮೆ ತಯಾರೇ ಆಗದ ಟೈಪ್ 1 ಇರುವವರು. ಜ್ವರದ ದಿನ ಈ ಹಾರ್ಮೋನುಗಳೆಲ್ಲ ಮೇಲೆ ಇರುತ್ತವೆ. ಎಷ್ಟು ತೆಗೆದುಕೊಳ್ಳಬೇಕು ಅಂತ ಆರೋಗ್ಯವಾಗಿರುವಾಗಲೇ ಡಾಕ್ಟರ ಹತ್ತಿರ ಕೇಳಿ ಬರೆದಿಟ್ಟುಕೊಳ್ಳಿ.

ಶುಗರ್ ಇಳಿದಾಗ ನಮ್ಮನ್ನು ಕಾಯುವುದೂ ಇದೇ ಅಡ್ರಿನಲಿನ್. 70ರ ಕೆಳಗೆ ಹೋದಾಗ ಬರುವ ನಡುಕ, ಎದೆ ಡವಡವ, ಅದರದೇ ಕೂಗು. ಬಿಪಿಗೆ, ಹೃದಯಕ್ಕೆ ಕೊಡುವ ಬೀಟಾ ಬ್ಲಾಕರ್ ಮಾತ್ರೆ ತೆಗೆದುಕೊಳ್ಳುವವರಲ್ಲಿ ಈ ನಡುಕ, ಡವಡವ ಗೊತ್ತಾಗದೇ ಹೋಗಬಹುದು, ಬೆವರು ಮಾತ್ರ ಗೊತ್ತಾಗುತ್ತದೆ. ಅಮ್ಮನ ಒದ್ದೆ ಅಂಗೈ ನೋಡಿ ನಾನು ಶುಗರ್ ಇಳಿದಿದೆ ಅಂದುಕೊಂಡದ್ದು ಅಷ್ಟೇನೂ ದಡ್ಡತನವಲ್ಲ ಹಾಗಾದರೆ. ಇಳಿದಾಗಲೂ ಬೆವರು, ಭಯಪಟ್ಟಾಗಲೂ ಬೆವರು. ಚುಚ್ಚಿ ನೋಡದೆ ಬಾಯಿಗೆ ಸಕ್ಕರೆ ಹಾಕಿದ್ದರೆ ಇನ್ನೂ ಏರಿಸುತ್ತಿದ್ದೆ. ಮೀಟರ್ ಇಲ್ಲದೇ ಇದ್ದು, ಇಳಿದಿರುವ ಅನುಮಾನ ಇದ್ದರೆ ಮಾತ್ರ ಸಕ್ಕರೆ ಕೊಡುವುದೇ ಸರಿ, ಯಾಕಂದರೆ ಇಳಿದದ್ದು ಬೇಗನೇ ಪ್ರಾಣಕ್ಕೆ ಅಪಾಯ ತರಬಲ್ಲದು.

'ಚಿಂತೆ ಬಿಡಿ, ಶುಗರ್ ತಾನೇ ಇಳಿಯುತ್ತದೆ' ಅಂತ ಹೇಳುವವರ ಮೇಲೆ ನನಗೆ ಈಗ ಬೇಜಾರಾಗುತ್ತದೆ. ಥಿಯೇಟರಿನ ಒಳಗೆ ಮಗ ಇರುವಾಗ ಚಿಂತೆ ಬಿಡು ಅಂತ ಯಾವ ತಾಯಿಗೆ ಹೇಳುತ್ತೀರಿ? ಬೀಟಾ ಕೋಶದ ಮೇಲಿನ ಆ ಗ್ರಾಹಕ ಯಾರ ಬುದ್ಧಿಮಾತಿಗೂ ಕಾಯುವುದಿಲ್ಲ. ಆದರೆ ಪಕ್ಕದಲ್ಲಿ ಕೂರುವುದು, ಅನುಮಾನಪಡದೇ ಇರುವುದು, ನಾಲ್ಕು ಹೆಜ್ಜೆ ಜೊತೆಗೆ ನಡೆಸಿಕೊಂಡು ಬರುವುದು ನಮ್ಮ ಕೈಯಲ್ಲಿತ್ತು. ಆವತ್ತು ಕಾರಿಡಾರು ಉದ್ದಕ್ಕೆ ಖಾಲಿ ಬಿದ್ದಿತ್ತು. ಅವಳ ಕೈ ಹಿಡಿದು ಒಂದು ಸುತ್ತು ನಡೆದಿದ್ದರೆ ಕಾಲಿನ ಸ್ನಾಯುಗಳು ಇನ್ಸುಲಿನ್ ಇಲ್ಲದೆಯೂ ಒಂದಷ್ಟು ಸಕ್ಕರೆ ಎತ್ತಿಕೊಳ್ಳುತ್ತಿದ್ದವು.

ಈ ವಿಷಯ ಅಮ್ಮನಿಗೆ ಹೇಳಿದಾಗ ಅವಳು ಪೂರ್ತಿ ಕೇಳಿಸಿಕೊಂಡು, 'ಅಂದ್ರೆ ನಾನು ತಿಂದಿರಲಿಲ್ಲ ಅಂತ ಈಗ ನಂಬ್ತೀಯಾ?' ಅಂದಳು. ಹೂಂ ಅಮ್ಮಾ, ನಂಬುತ್ತೇನೆ ಅಂದೆ. ಅವಳ ಶುಗರ್ ಬರೆಯುವ ನೋಟ್‌ಬುಕ್ಕಿನಲ್ಲಿ ತಾರೀಖು, ಅಂಕಿ, ತಿಂದದ್ದು ಅಂತ ಮೂರು ಸಾಲು ಗೆರೆ ಹೊಡೆದಿದ್ದೆ. ಈಗ ಅವಳೇ ನಾಲ್ಕನೆಯದು ಎಳೆದಿದ್ದಾಳೆ, ಅದಕ್ಕೆ ಹೆಸರು ಕೊಟ್ಟಿಲ್ಲ. ನಿನ್ನೆಯ ಅಂಕಿ 174, ಅದರ ಪಕ್ಕದಲ್ಲಿ ಆ ಕೊನೆಯ ಸಾಲಿನಲ್ಲಿ 'ರಾತ್ರಿ ನಿದ್ದೆ ಇಲ್ಲ, ಅವನಿಗೆ ಕೆಮ್ಮು' ಅಂತ ಬರೆದಿದ್ದಳು.